ನಮ್ಮ ಉಪ್ಪಿನಕಾಯಿ ಅಂಗಡಿ ವೆಬ್‌ಸೈಟ್: ಜನ ಬರ್ತಾರೆ, ನೋಡ್ತಾರೆ, ತಗೊಳ್ಳದೇ ಹೋಗ್ತಾರೆ

ಮಿಡಿಗಾಯಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮದು ಮನೆಯಲ್ಲೇ ಮಾಡೋ ತಿನಿಸಿನ ಸಣ್ಣ ವ್ಯಾಪಾರ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಮುರುಗಲು ಸಿಪ್ಪೆ, ಆಗಾಗ ತೊಡೆದೇವು. ಅತ್ತೆ ಶುರು ಮಾಡಿದ್ದು, ಈಗ ನಾನು ನೋಡ್ಕೋತಿದ್ದೇನೆ. ಎಂಟು ತಿಂಗಳ ಹಿಂದೆ ಒಂದು ಏಜೆನ್ಸಿಯವರ ಹತ್ರ ವೆಬ್‌ಸೈಟ್ ಮಾಡಿಸಿದ್ವಿ. ಕನ್ನಡ, ಇಂಗ್ಲಿಷ್ ಎರಡೂ ಇದೆ. ಫೇಸ್‌ಬುಕ್‌ನಲ್ಲಿ ಹಾಕಿದ ದಿನ ಇನ್ನೂರು ಮುನ್ನೂರು ಜನ ಬಂದು ನೋಡ್ತಾರೆ. ಆರ್ಡರ್ ಮಾತ್ರ ಒಂದೋ ಎರಡೋ. ಆಮೇಲೆ ಅದೇ ಜನ ಫೋನ್ ಮಾಡಿ "ಅರ್ಧ ಕೆಜಿ ಕಳಿಸಿ" ಅಂತಾರೆ! ಅಂದ್ರೆ ಬೇಡ ಅಂತೇನಲ್ಲ. ಬಣ್ಣ ಸರಿ ಇಲ್ವಾ? ಮುಖಪುಟದ ಫೋಟೋ ಬದಲಿಸಬೇಕಾ? ಹೊಸ ಡಿಸೈನಿಗೆ 40 ಸಾವಿರ ಕೇಳ್ತಿದ್ದಾರೆ. ಕೊಡೋ ಮೊದಲು ನಿಮ್ಮನ್ನೊಂದು ಮಾತು ಕೇಳೋಣ ಅಂತ. ಕೊಂಡಿ ನನ್ನ ಪ್ರೊಫೈಲ್‌ನಲ್ಲಿದೆ. ಬೈದ್ರೂ ಪರವಾಗಿಲ್ಲ.

ಕಟ್ಟೆಪುರಾಣ (ಮೈಸೂರು)

ಬೈಯೋಕೆ ಪರ್ಮಿಶನ್ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. ಮೇಲ್ಗಡೆ ಮೊದಲ ಪದವೇ "ಮನೆ". ಮನೆ ವಿಳಾಸ ಬರೆಯೋ ಜಾಗ ಅಂದ್ಕೊಂಡು ಒತ್ತಿದೆ, ಅದೇ ಪುಟ ಮತ್ತೆ ಬಂತು. ಅದರ ಕೆಳಗೆ "999 ರೂ. ಮೇಲೆ ಉಚಿತ ಹಡಗು" ಅಂತ ಅಕ್ಷರ ಓಡ್ತಿದೆ. ಸಾವಿರ ರೂಪಾಯಿ ಉಪ್ಪಿನಕಾಯಿಗೆ ಹಡಗೇ ಕೊಡೋ ಅಂಗಡಿ ನಿಮ್ಮದೊಂದೇ ಇರಬೇಕು. ಕೊನೇಲಿ "ನಿಮ್ಮ ಆದೇಶವನ್ನು ಇರಿಸಿ". ಎಲ್ಲಿ ಇರಿಸಲಿ ತಾಯಿ, ಅಟ್ಟದ ಮೇಲಾ?

ಮಿಡಿಗಾಯಿ

ಅಯ್ಯೋ. ನಾನು ಯಾವಾಗ್ಲೂ ಇಂಗ್ಲಿಷ್ ಪುಟವನ್ನೇ ನೋಡ್ತಿದ್ದೆ. ಕನ್ನಡದ್ದನ್ನ ಮೆಷಿನ್ನಿಗೆ ಕೊಟ್ಟು ಅನುವಾದ ಮಾಡಿಸಿದ್ದಾರೆ ಅನ್ಸುತ್ತೆ. ಮರ್ಯಾದೆ ಹೋಯ್ತು.

ಬಟನ್ ಬಸ್ಯಾ (ಹುಬ್ಬಳ್ಳಿ)

ಅಕ್ಕಾರ, ಹಡಗು ಹಂಗಿರ್ಲಿ. ಮೊಬೈಲ್‌ನ್ಯಾಗ ನಿಮ್ಮ ಅಂಗಡ್ಯಾಗ ಏನ್ ಮಾರತೀರಿ ನೋಡ್ರಿ: "ಉಪಿನಕಾಯಿ" ಮತ್ತ "ಹಪಳ"! ಬಟನ್‌ದ ಎತ್ತರ ಇಷ್ಟೇ ಅಂತ ಕಟ್ಟಿಹಾಕ್ಯಾರ, ಅದರ ಹೊರಗ ಬಂದದ್ದನ್ನ ಮುಚ್ಚು ಅಂತ ಬರದಾರ. ಇಂಗ್ಲಿಷಿಗೆ ಅದು ಸಾಕು. ನಮ್ಮ ಅಕ್ಷರಕ್ಕ ಕೆಳಗ ಒತ್ತು ಅದಾವಲ್ಲ, ಅವು ಎಲ್ಲಿ ಹೋಗಬೇಕು? ಕತ್ತರಿಸಿ ಹೋಗ್ಯಾವ. ಸಾಲಿನ ಎತ್ತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮಿ ಇಡಬ್ಯಾಡ್ರಿ, ಬಟನ್ನಿಗೆ ಎತ್ತರದ ಬದಲು ಮ್ಯಾಲ ಕೆಳಗ ಜಾಗ ಕೊಡ್ರಿ. ಹತ್ತು ನಿಮಿಷದ ಕೆಲಸ. ಇದಕ್ಕ 40 ಸಾವಿರ ಬ್ಯಾಡ.

ಗಮನಿಸುವವಳು (ಬೆಂಗಳೂರು)

ಜನ ವೆಬ್‌ಸೈಟ್‌ಗಳನ್ನ ಹೇಗೆ ಬಳಸ್ತಾರೆ ಅಂತ ಪಕ್ಕದಲ್ಲಿ ಕೂತು ಗಮನಿಸೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ. ತಪ್ಪು ತಿಳ್ಕೋಬೇಡಿ.

ಮೇಲಿನ ಇಬ್ಬರೂ ಹೇಳಿದ್ದು ನಿಜವೇ. ಆದ್ರೆ ನಾವಿಲ್ಲಿ ಹತ್ತು ಜನ ನೋಡಿ ಹತ್ತು ತಪ್ಪು ಹೇಳಿದ್ರೂ, ನಿಮ್ಮ ಗಿರಾಕಿ ಎಲ್ಲಿ ನಿಂತುಹೋಗ್ತಾರೆ ಅನ್ನೋದು ಗೊತ್ತಾಗಲ್ಲ. ಯಾಕಂದ್ರೆ ನಾವ್ಯಾರೂ ಉಪ್ಪಿನಕಾಯಿ ಕೊಳ್ಳೋಕೆ ಬಂದವರಲ್ಲ, ತಪ್ಪು ಹುಡುಕೋಕೆ ಬಂದವರು. "ಚೆನ್ನಾಗಿದೆಯಾ" ಅನ್ನೋ ಪ್ರಶ್ನೆ ಬಿಡಿ. ಬಳಕೆಯ ಸರಾಗಕ್ಕೆ ಐಎಸ್‌ಒ 9241-11 ಅನ್ನೋ ಮಾನಕದಲ್ಲಿ ಮೂರೇ ಅಳತೆ ಇರೋದು: ಬಂದ ಕೆಲಸ ಆಯ್ತಾ, ಎಷ್ಟು ಶ್ರಮ ಹಿಡೀತು, ಮನಸ್ಸಿಗೆ ಸಮಾಧಾನ ಆಯ್ತಾ. ಬಣ್ಣದ ಮಾತು ಅದರಲ್ಲಿಲ್ಲ.

ಹೀಗೆ ಮಾಡಿ. ಐದು ಜನರನ್ನ ಹುಡುಕಿ. ನೆಂಟರು ಬೇಡ. ನೆಂಟರು ನಿಮ್ಮ ಮುಖ ನೋಡ್ಕೊಂಡೇ "ಚಲೋ ಇದ್ದು" ಅಂದುಬಿಡ್ತಾರೆ. ಒಬ್ಬೊಬ್ಬರನ್ನೇ ಕೂರಿಸಿ, ಅವರದೇ ಫೋನ್, ಅವರದೇ ಡೇಟಾ. ನಿಮ್ಮ ಹೊಸ ಫೋನು, ಮನೆಯ ವೈಫೈ ಕೊಟ್ರೆ ಪರೀಕ್ಷೆ ಸುಳ್ಳಾಗುತ್ತೆ. ಕೆಲಸ ಕೊಡುವಾಗ ಬಟನ್ ಮೇಲಿರೋ ಪದ ಬಾಯಿಗೆ ತರಬೇಡಿ. "ಹಪ್ಪಳವನ್ನು ಕಾರ್ಟ್‌ಗೆ ಸೇರಿಸಿ" ಅಂದ್ರೆ ಅವರು "ಕಾರ್ಟ್‌ಗೆ ಸೇರಿಸಿ" ಅನ್ನೋ ಅಕ್ಷರ ಹುಡುಕಿ ಒತ್ತುತ್ತಾರೆ ಅಷ್ಟೇ, ಅದು ಕಣ್ಣಾಮುಚ್ಚಾಲೆ ಆಟ. ಅದರ ಬದಲು, "ಮೈಸೂರಲ್ಲಿ ನಿಮ್ಮಕ್ಕನ ಮನೆ ಗೃಹಪ್ರವೇಶ, ನಿಮಗೆ ಹೋಗೋಕಾಗ್ತಿಲ್ಲ, 600 ರೂಪಾಯಿ ಒಳಗೆ ಇಲ್ಲಿಂದ ಏನಾದ್ರೂ ಕಳಿಸಿ" ಅನ್ನಿ. ಮನಸ್ಸಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳ್ತಾ ಹೋಗಿ ಅಂತ ಕೇಳ್ಕೊಳ್ಳಿ.

ಆಮೇಲಿನದ್ದೇ ಕಷ್ಟ. ನೀವು ಬಾಯಿ ಮುಚ್ಕೊಂಡಿರಬೇಕು. ಅವರು ತಪ್ಪು ಜಾಗ ಒತ್ತಿದಾಗ "ಅಲ್ಲಲ್ಲ, ಅದರ ಕೆಳಗೆ" ಅನ್ನೋಕೆ ನಾಲಿಗೆ ತುದಿಗೆ ಬರುತ್ತೆ. ತಡ್ಕೊಳ್ಳಿ. ಅವರು "ಇಲ್ಲೇನು ಮಾಡ್ಬೇಕು?" ಅಂದ್ರೆ "ನಾನಿಲ್ಲಿ ಇಲ್ದೇ ಇದ್ದಿದ್ರೆ ಏನ್ ಮಾಡ್ತಿದ್ರಿ?" ಅಂತ ಕೇಳಿ. ನನ್ನ ಮೊದಲ ವರ್ಷ ಇದನ್ನ ಕಲಿಯೋದ್ರಲ್ಲೇ ಕಳೀತು.

ಲೆಕ್ಕಿಗ

ಮೇಡಂ, ಐದೇ ಜನ ಸಾಕು ಅನ್ನೋದು ಹಳೇ ನಂಬಿಕೆ. ಈ ಕ್ಷೇತ್ರದ ತಜ್ಞ ಯಾಕಬ್ ನೀಲ್ಸನ್ 2000ದಲ್ಲಿ ಬರೆದದ್ದು, ಐದು ಜನರಿಂದ ಸುಮಾರು ಶೇ. 85 ತೊಂದರೆ ಹೊರಬೀಳುತ್ತೆ ಅಂತ. ಮರುವರ್ಷವೇ ಜಾರೆಡ್ ಸ್ಪೂಲ್ ಮತ್ತು ವಿಲ್ ಶ್ರೋಡರ್ ಕೊಳ್ಳುವ ಸೈಟ್‌ಗಳ ಮೇಲೆ ನೋಡಿದಾಗ ಮೊದಲ ಐದು ಜನರಿಂದ ಸಿಕ್ಕಿದ್ದು ಶೇ. 35 ಮಾತ್ರ. ಅಂಗಡಿ ಅಂದ್ರೆ ಒಬ್ಬೊಬ್ಬರು ಒಂದೊಂದು ದಾರಿಯಲ್ಲಿ ಹೋಗ್ತಾರೆ. ಅನಲಿಟಿಕ್ಸ್ ಹಾಕಿ, ಯಾವ ಪುಟದಲ್ಲಿ ಎಷ್ಟು ಜನ ಬಿಟ್ಟುಹೋದ್ರು ನೋಡಿ. ಅಂಕಿ ಸುಳ್ಳು ಹೇಳಲ್ಲ.

ಗಮನಿಸುವವಳು

ಎರಡೂ ಸರಿ ಸರ್. ಅಷ್ಟು ವ್ಯತ್ಯಾಸ ಬಂದದ್ದು ದೊಡ್ಡ ಸೈಟ್‌ಗಳಲ್ಲಿ ಜನರಿಗೆ ಬೇಕಾದ್ದನ್ನ ಕೊಳ್ಳೋಕೆ ಬಿಟ್ಟಾಗ. ಇವರ ಅಂಗಡಿಯಲ್ಲಿ ಇರೋದು ಹತ್ತಿಪ್ಪತ್ತು ವಸ್ತು, ಕೊಳ್ಳೋ ದಾರಿ ಒಂದೇ. ಮತ್ತೆ ನಾನು ಒಂದೇ ಸಲ ಐದು ಜನ ಅಂದಿಲ್ಲ. ಐದು ಜನ, ರಿಪೇರಿ, ಮತ್ತೆ ಮೂರ್ನಾಲ್ಕು ಜನ, ಮತ್ತೆ ರಿಪೇರಿ. ಅಂಕಿ ನೋಡಿದ್ರೆ ವಿಳಾಸದ ಪುಟದಲ್ಲಿ ಬಿಟ್ಟುಹೋದ್ರು ಅಂತ ಗೊತ್ತಾಗುತ್ತೆ. ಯಾಕೆ ಅಂತ ಗೊತ್ತಾಗೋಕೆ ಒಬ್ಬರ ಪಕ್ಕ ಕೂರಲೇಬೇಕು.

ಕಡಲತಡಿ (ಮಂಗಳೂರು)

ನಾನು ನಿಜವಾಗಿಯೂ ತಗೊಳ್ಳಲಿಕ್ಕೆ ಹೋದೆ ಮಾರಾಯ್ರೆ. ಹುಡುಕುವ ಪೆಟ್ಟಿಗೆಯಲ್ಲಿ "ಪುನರ್ಪುಳಿ" ಅಂತ ಬರೆದೆ. "ಯಾವುದೇ ಫಲಿತಾಂಶವಿಲ್ಲ". ಆಮೇಲೆ ಈ ಚರ್ಚೆಯ ಮೊದಲ ಸಾಲು ನೋಡಿ ಗೊತ್ತಾಯಿತು, ನಿಮ್ಮಲ್ಲಿ ಅದು "ಮುರುಗಲು". ಪೇಟೆಯವರು "ಕೋಕಂ" ಅಂತ ಹುಡುಕುತ್ತಾರೆ. ತೊಡೆದೇವು ಅಂತೂ ಕೇಳುವುದೇ ಬೇಡ, ತೊಡದೇವು, ತೊಡ್ದೇವು, ಬಾಯಿಗೆ ಬಂದ ಹಾಗೆ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಬೇರೆ. ಪ್ರತಿ ವಸ್ತುವಿಗೂ ಅಡ್ಡಹೆಸರುಗಳನ್ನು ಹಾಕಿಡಿ. ಏನೂ ಸಿಗದಿದ್ದರೆ ಖಾಲಿ ಪುಟ ತೋರಿಸುವ ಬದಲು ನಿಮ್ಮ ಇಡೀ ಪಟ್ಟಿ ತೋರಿಸಿ. ಇರುವುದೇ ಇಪ್ಪತ್ತು ವಸ್ತು ಅಲ್ವಾ?

ಡಲ್ಲಾಸ್‌ನಿಂದ

ಹುಟ್ಟೂರು ಮೈಸೂರು. ಅಪ್ಪ ಅಮ್ಮನಿಗೆ ಇಲ್ಲಿಂದಲೇ ಆರ್ಡರ್ ಮಾಡಿ ಕಳಿಸೋದು ನನ್ನ ವಾರದ ಕೆಲಸ. ನಿಮ್ಮ ಸೈಟಲ್ಲಿ ಮೊಬೈಲ್ ನಂಬರ್ 10 ಅಂಕಿ, ಭಾರತದ್ದೇ ಬೇಕು, ಅದಕ್ಕೆ ಓಟಿಪಿ ಬರುತ್ತೆ. ಅಪ್ಪನ ನಂಬರ್ ಹಾಕಿ, ಅಲ್ಲಿ ರಾತ್ರಿ ಎರಡು ಗಂಟೆಗೆ ಅವರನ್ನ ಎಬ್ಬಿಸಿ ಓಟಿಪಿ ಕೇಳ್ಬೇಕಾ? ಹಣ ಕೊಡೋರು ಬೇರೆ, ತಗೊಳ್ಳೋರು ಬೇರೆ. ಎರಡು ನಂಬರಿಗೆ ಜಾಗ ಕೊಡಿ, ಕೊಡೋರಿಗೆ ಇಮೇಲ್ ಸಾಕು ಅನ್ನಿ. ನಮ್ಮಂಥೋರು ಒಂದೇ ಸಲ ಎರಡು ಮೂರು ಕೆಜಿ ತಗೋತೀವಿ.

ಇನ್ನೊಂದು: "ಕೊನೆಯ ಹೆಸರು" ಕಡ್ಡಾಯ. ನಮ್ಮಪ್ಪನಿಗೆ ಇನಿಷಿಯಲ್ ಬಿಟ್ರೆ ಕೊನೆಯ ಹೆಸರೇ ಇಲ್ಲ. ಎಲ್ಲಾ ಕಡೆ ಒಂದು ಚುಕ್ಕಿ ಇಟ್ಟು ಮುಂದೆ ಹೋಗ್ತೀನಿ. ಪಾರ್ಸಲ್ ಮೇಲೆ ಹೆಸರಿನ ಮುಂದೆ ಆ ಚುಕ್ಕಿಯೂ ಪ್ರಿಂಟ್ ಆಗಿ ಬರುತ್ತೆ.

ನಿವೃತ್ತ ಮೇಷ್ಟ್ರು (ತುಮಕೂರು)

ಹೆಸರು ಅಂತ ಒಂದೇ ಜಾಗ ಇಟ್ಟರೆ ಸಾಲದೇ? ನಾನೂ ನೋಡುತ್ತಿದ್ದೇನೆ. ಆಮೇಲೆ ಬರೆಯುತ್ತೇನೆ.

ಬಟನ್ ಬಸ್ಯಾ

ಅಕ್ಕಾರ, ಇನ್ನೆರಡು ಸಿಕ್ಕಾವ, ಇವು ಬರೇ ಗೊಂದಲ ಅಲ್ರಿ, ತಪ್ಪು. ಬುಟ್ಟಿಗೆ ಒಂದು ಬಾಟ್ಲಿ ಹಾಕಿದ್ರ "ಉಡುಗೊರೆ ಪ್ಯಾಕಿಂಗ್ 30 ರೂ." ತಾನ ಟಿಕ್ ಆಗಿ ಕುಂತಿರತದ. ಮತ್ತ ಮ್ಯಾಲ "ಈ ಬೆಲೆ ಇನ್ನು 04:59 ನಿಮಿಷ ಮಾತ್ರ" ಅಂತ ಗಡಿಯಾರ ಓಡತದ. ಮುಗಿಯೂತನ ಕಾದೆ. ಸೊನ್ನಿಗೆ ಬಂದು ಮತ್ತ 5 ನಿಮಿಷದಿಂದ ಚಾಲೂ!

ಮಿಡಿಗಾಯಿ

ದೇವರಾಣೆಗೂ ಇದು ನಂಗೆ ಗೊತ್ತಿರಲಿಲ್ಲ. ಏಜೆನ್ಸಿಯವರು "ಸೇಲ್ಸ್ ಬೂಸ್ಟರ್ ಪ್ಲಗಿನ್ ಫ್ರೀ ಕೊಡ್ತೀವಿ" ಅಂದಿದ್ರು. ಇದೇನಾ ಅದು?

ಲೆಕ್ಕಿಗ

ಅದೇ. ಕೂಡಲೇ ತೆಗೀರಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿದೆ. ಗ್ರಾಹಕರನ್ನ ದಾರಿತಪ್ಪಿಸೋ 13 ಬಗೆಯ ವಿನ್ಯಾಸಗಳ ಪಟ್ಟಿ ಅದರಲ್ಲಿದೆ. ಸುಳ್ಳು ಅವಸರ ಹುಟ್ಟಿಸೋದು ಒಂದು, ಬುಟ್ಟಿಗೆ ಕೇಳದೇ ವಸ್ತು ತೂರಿಸೋದು ಇನ್ನೊಂದು. ನಿಮ್ಮಲ್ಲಿ ಎರಡೂ ಇದೆ. ಅಂಗಡಿ ಸಣ್ಣದು ಅಂತ ವಿನಾಯಿತಿ ಇಲ್ಲ.

ಕಟ್ಟೆಪುರಾಣ

ವರ್ಷಗಟ್ಟಲೆ ಉಪ್ಪುನೀರಲ್ಲಿ ಕೂತಿರೋ ಮಿಡಿಗೆ ಐದು ನಿಮಿಷದ ಅವಸರ!

ಮಿಡಿಗಾಯಿ

ಹನ್ನೆರಡು ದಿನ ಆಯ್ತು, ವರದಿ ಒಪ್ಪಿಸ್ತಿದ್ದೇನೆ. ಪ್ಲಗಿನ್ ಆ ದಿನವೇ ತೆಗೆಸಿದೆ. ಐದು ಜನರನ್ನ ಕೂರಿಸಿದೆ: ಬ್ಯಾಂಕಿನ ಒಬ್ಬರು, ಕಾಲೇಜಿನ ಒಬ್ಬ ಹುಡುಗ, ಟೈಲರ್ ಅಂಗಡಿ ನಡೆಸೋ ಅಕ್ಕ, ಸಿದ್ದಾಪುರದ ಅಡಿಕೆ ಬೆಳೆಗಾರರೊಬ್ಬರು, ಮತ್ತೆ ಇಲ್ಲಿ ಬರೆದ ಡಲ್ಲಾಸ್‌ನವರು (ವಿಡಿಯೋ ಕಾಲ್‌ನಲ್ಲಿ ಸ್ಕ್ರೀನ್ ತೋರಿಸಿದ್ರು, ಉಪಕಾರ ಮರೆಯಲ್ಲ). ಒಬ್ಬೊಬ್ಬರಿಗೆ ಅರ್ಧ ಗಂಟೆ, ಆಮೇಲೆ ಕಾಲು ಕೆಜಿ ಉಪ್ಪಿನಕಾಯಿ ಕಾಣಿಕೆ.

ಮುಖಪುಟದ ಬಣ್ಣದ ಬಗ್ಗೆ ಐದರಲ್ಲಿ ಒಬ್ಬರೂ ಒಂದು ಮಾತು ಆಡಲಿಲ್ಲ. ನಾನು ಎಂಟು ತಿಂಗಳು ತಲೆ ಕೆಡಿಸ್ಕೊಂಡಿದ್ದು ಅದಕ್ಕೇ.

ಪಟ್ಟಿಯಲ್ಲಿ "180 ರೂ.ಯಿಂದ" ಅಂತ ಇತ್ತು. ಮೂವರು ಅದನ್ನ ಒಂದು ಕೆಜಿ ಬೆಲೆ ಅಂದ್ಕೊಂಡ್ರು. ಅದು 250 ಗ್ರಾಮಿನದ್ದು. ಫೋಟೋದಲ್ಲಿ ಬಾಟಲಿ ಒಂಟಿಯಾಗಿ ನಿಂತಿರೋದ್ರಿಂದ ಎಷ್ಟು ದೊಡ್ಡದು ಅಂತ ತಿಳಿಯೋಕೆ ದಾರಿಯಿಲ್ಲ. ಟೈಲರ್ ಅಕ್ಕ ಅಂತೂ "ಇಷ್ಟು ದೊಡ್ಡ ಭರಣಿಗೆ ನೂರಾ ಎಂಬತ್ತಾ!" ಅಂತ ಖುಷಿಪಟ್ರು. ಅಳತೆ ತಿಳಿದ ಮೇಲೆ ಅವರ ಮುಖ ನೋಡೋಕಾಗಲಿಲ್ಲ. ಮೋಸ ಮಾಡಿದ ಹಾಗೆ ಅನ್ನಿಸ್ತು. ಈಗ ಬಾಟಲಿ ಪಕ್ಕ ಒಂದು ಚಮಚ ಇಟ್ಟು ಬೇರೆ ಫೋಟೋ ತೆಗೆದಿದ್ದೇನೆ, ಬೆಲೆ ಪಕ್ಕದಲ್ಲೇ ತೂಕ.

ಅತಿ ದೊಡ್ಡ ಪೆಟ್ಟು ಕೊರಿಯರ್ ಖರ್ಚು. ಹೆಸರು, ನಂಬರ್, ವಿಳಾಸ ಎಲ್ಲಾ ತುಂಬಿದ ಮೇಲೆ "ಸಾಗಣೆ 95 ರೂ." ಅಂತ ಬರುತ್ತೆ. ಐದೂ ಜನ ಅಲ್ಲಿ ಕೈ ತಡೆದ್ರು. ಅಡಿಕೆ ಬೆಳೆಗಾರರು ಫೋನ್ ಕೆಳಗಿಟ್ಟು, "ತಂಗಿ, ಮೊದಲೇ ಹೇಳಿದ್ರೆ ಕೊಡ್ತಿದ್ದೆ. ಈಗ ಕೊಡೋಕೆ ಮನಸ್ಸಿಲ್ಲ" ಅಂದ್ರು. ಆ ಮಾತು ಎರಡು ದಿನ ತಲೆಯಲ್ಲಿ ಕೊರೀತಿತ್ತು.

ಪಿನ್ ಕೋಡ್‌ದು ವಿಚಿತ್ರ. ಅಡಿಕೆ ಬೆಳೆಗಾರರ ಕೀಬೋರ್ಡ್ ಕನ್ನಡದಲ್ಲಿತ್ತು, ಕನ್ನಡ ಅಂಕಿಯಲ್ಲಿ ಬರೆದ್ರು. "ಅಮಾನ್ಯ ಪಿನ್" ಅಂತ ಕೆಂಪಗೆ ಬಂತು. ಸರಿಯಾಗೇ ಬರೆದಿದ್ದಾರೆ ಪಾಪ! ಮೂರು ಸಲ ಅಳಿಸಿ ಅಳಿಸಿ ಅದನ್ನೇ ಬರೆದ್ರು. ನಾನು ಬಾಯಿಗೆ ಸೆರಗು ಮುಚ್ಕೊಂಡು ಕೂತಿದ್ದೆ.

ಕೊನೇದು ಹಣ ಕೊಡೋ ಜಾಗ. ಯುಪಿಐ ಒತ್ತಿದ್ರೆ ಕ್ಯೂಆರ್ ಕೋಡ್ ಬರುತ್ತೆ. ಬ್ಯಾಂಕಿನವರು ಫೋನನ್ನ ತಿರುಗಿಸಿ ನೋಡಿ, "ಇದನ್ನ ಯಾವ ಫೋನಿಂದ ಸ್ಕ್ಯಾನ್ ಮಾಡ್ಲಿ? ಫೋನ್ ಇದೇ ಅಲ್ವಾ?" ಅಂದ್ರು.

ಬಟನ್ ಬಸ್ಯಾ

ಕ್ಯೂಆರ್ ಕಂಪ್ಯೂಟರ್ ಪರದೆಗೆ ಸರಿ. ಮೊಬೈಲ್ ಇದ್ರ ನೇರ ಯುಪಿಐ ಆ್ಯಪ್ ತೆರೆಯೂ ಬಟನ್ ಕೊಡಬೇಕು, ಪೇಮೆಂಟ್ ಗೇಟ್‌ವೇ ಸೆಟ್ಟಿಂಗ್‌ನ್ಯಾಗ ಇರತದ, ಕೇಳ್ರಿ.

ಕನ್ನಡ ಅಂಕಿ ಕತಿ ನನಗ ಭಾಳ ಸೇರ್ತು. ವೆಬ್‌ಸೈಟಿನ ಕೋಡ್ ಬರಿಯೂ ಜಾವಾಸ್ಕ್ರಿಪ್ಟ್‌ನ್ಯಾಗ "ಅಂಕಿ ಮಾತ್ರ" ಅಂತ ಬರದ್ರ ಅದಕ್ಕ 0ಯಿಂದ 9 ಅಷ್ಟೇ ಅಂಕಿ, ೦ಯಿಂದ ೯ ಅದಕ್ಕ ಗೊತ್ತಿಲ್ಲ. ಕಂಪ್ಯೂಟರ್ ಅಕ್ಷರಗಳ ಪಟ್ಟಿ ಯೂನಿಕೋಡ್‌ನ್ಯಾಗ ಕನ್ನಡ ಅಂಕಿ ಹತ್ತೂ ಸಾಲಾಗಿ ಕುಂತಾವ, ಹಿಡಿದು ಬದಲಿ ಮಾಡೂದು ಒಂದು ಸಾಲಿನ ಕೆಲಸ. ೫೮೧೪೦೧ ಅಂತ ಬರದ್ರ ಒಳಗಿಂದೊಳಗ 581401 ಆಗ್ತದ, ಗಿರಾಕಿಗೆ ಗೊತ್ತೂ ಆಗಂಗಿಲ್ಲ. ಬರದು ಕಳಿಸ್ತೀನಿ, ರೊಕ್ಕ ಬ್ಯಾಡ, ಹಪ್ಪಳ ಕಳಿಸ್ರಿ.

ಗಮನಿಸುವವಳು

ಅಕ್ಕ, ನೀವು ಸೆರಗು ಮುಚ್ಕೊಂಡು ಕೂತಿದ್ದು ಓದಿ ನಂಗೆ ಹೆಮ್ಮೆ ಆಯ್ತು!

ಸಾಗಣೆ ಖರ್ಚಿನ ವಿಷಯ ನಿಮ್ಮೊಬ್ಬರದ್ದಲ್ಲ. ಬೇಮಾರ್ಡ್ ಅನ್ನೋ ಸಂಸ್ಥೆ ವರ್ಷಗಳಿಂದ ಇದನ್ನೇ ಅಧ್ಯಯನ ಮಾಡ್ತಿದೆ. ಬುಟ್ಟಿಗೆ ಹಾಕಿದವರಲ್ಲಿ ಸರಾಸರಿ ಶೇ. 70ರಷ್ಟು ಕೊಳ್ಳದೇ ಬಿಡ್ತಾರೆ ಅನ್ನೋದು ಅವರ ಲೆಕ್ಕ. ಸುಮ್ಮನೆ ನೋಡೋಕೆ ಬಂದವರನ್ನ ಬಿಟ್ರೆ, ಜನ ಕೊಡೋ ಕಾರಣಗಳಲ್ಲಿ ಮೊದಲನೇದು ಕೊನೇಲಿ ಸೇರೋ ಹೆಚ್ಚಿನ ಖರ್ಚು. ವಸ್ತುವಿನ ಪುಟದಲ್ಲೇ "ನಿಮ್ಮ ಪಿನ್ ಕೋಡ್ ಹಾಕಿ" ಅಂತ ಒಂದು ಪೆಟ್ಟಿಗೆ ಇಡಿ, ಖರ್ಚು ಮತ್ತು ಎಷ್ಟು ದಿನ ಅನ್ನೋದು ಅಲ್ಲೇ ಕಾಣಲಿ. ಇಲ್ಲಾಂದ್ರೆ ಕರ್ನಾಟಕದೊಳಗೆ ಒಂದೇ ದರ ಅಂತ ಮಾಡಿ ಮುಖಪುಟದಲ್ಲೇ ಬರೆದುಬಿಡಿ. ನನಗೆ ಎರಡನೇದೇ ಇಷ್ಟ. ಸ್ವಲ್ಪ ನಷ್ಟ ಆಗಬಹುದು, ಆದ್ರೆ ಗಿರಾಕಿ ಲೆಕ್ಕ ಹಾಕೋದು ತಪ್ಪುತ್ತೆ.

ವಿಳಾಸದ ನಮೂನೆಯನ್ನ ಪೂರ್ತಿ ಬದಲಿಸಿ. "ಬೀದಿ ವಿಳಾಸ ಸಾಲು 1, ಸಾಲು 2, ಅಪಾರ್ಟ್‌ಮೆಂಟ್" ಎಲ್ಲಾ ಅಮೆರಿಕದ ಟೆಂಪ್ಲೇಟು. ಮಲೆನಾಡಿನ ಒಂಟಿಮನೆಗೆ ಯಾವ ಬೀದಿ? ಮನೆ ಹೆಸರು ಅಥವಾ ನಂಬರು, ಊರು, ಅಂಚೆ, ತಾಲ್ಲೂಕು, ಗುರುತು, ಇಷ್ಟು ಇರಲಿ. ಪಿನ್ ಮೊದಲು ಕೇಳಿದ್ರೆ ಜಿಲ್ಲೆ, ರಾಜ್ಯ ತಾನೇ ತುಂಬ್ಕೊಳ್ಳುತ್ತೆ. ಆದ್ರೆ ಅಂಚೆಯನ್ನ ತಾನೇ ತುಂಬೋಕೆ ಬಿಡಬೇಡಿ, ಒಂದೇ ಪಿನ್ನಿಗೆ ಹಲವು ಅಂಚೆ ಕಚೇರಿ ಇರುತ್ತೆ.

ಲೆಕ್ಕಿಗ

ಒಂದು ಅಂಕ ಬೇಡ್ವಾ? ಬಳಸೋಕೆ ಎಷ್ಟು ಸರಾಗ ಅಂತ ಅಳೆಯೋಕೆ ಜಾನ್ ಬ್ರೂಕ್ 1986ರಲ್ಲಿ ಮಾಡಿದ ಎಸ್‌ಯುಎಸ್ ಅನ್ನೋ ಪ್ರಶ್ನಾವಳಿ ಇದೆ, ಹತ್ತು ಹೇಳಿಕೆ, ಪ್ರತಿಯೊಂದಕ್ಕೂ 1ರಿಂದ 5. ನೂರಕ್ಕೆ ಲೆಕ್ಕ ಬರುತ್ತೆ, ಸರಾಸರಿ 68. ಮೊದಲು, ಆಮೇಲೆ, ಎರಡು ಸಲ ತಗೊಂಡ್ರೆ ಸುಧಾರಿಸಿದ್ದು ಕಾಣುತ್ತೆ.

ಗಮನಿಸುವವಳು

ಐದು ಜನರ ಮೇಲೆ ಅಂಕ ತೆಗೆದ್ರೆ ಒಬ್ಬರ ಮೂಡ್ ಕೆಟ್ಟರೂ ಅಂಕ ಬೀಳುತ್ತೆ. ಇನ್ನೊಂದು ತೊಡಕಿದೆ: ಅದರಲ್ಲಿ ಒಂದು ಹೇಳಿಕೆ ಹೊಗಳಿಕೆ, ಮುಂದಿನದು ತೆಗಳಿಕೆ. "ಅನಗತ್ಯವಾಗಿ ಜಟಿಲವಾಗಿದೆ" ಅನ್ನೋದಕ್ಕೆ ಒಳ್ಳೇ ಮನಸ್ಸಿಂದ 5 ಹಾಕೋರನ್ನ ನಾನು ನೋಡಿದ್ದೀನಿ, ಎಲ್ಲದಕ್ಕೂ ಪೂರ್ತಿ ಮಾರ್ಕ್ಸ್ ಕೊಡೋಣ ಅಂತ. ಇವರಿಗೆ ಈಗ ಬೇಕಾಗಿರೋದು ಇಷ್ಟೇ: ಐವರಲ್ಲಿ ಎಷ್ಟು ಜನ ಸಹಾಯ ಇಲ್ದೇ ಹಣ ಕೊಡೋವರೆಗೆ ಹೋದ್ರು?

ಮಿಡಿಗಾಯಿ

ಒಬ್ಬ. ಕಾಲೇಜು ಹುಡುಗ. ಅವನೂ ಇಂಗ್ಲಿಷ್‌ಗೆ ಬದಲಿಸ್ಕೊಂಡ ಮೇಲೆ.

ಕಡಲತಡಿ

ಅದೇ ಅಂಕ ಸಾಕು ನಿಮಗೆ.

ಕಟ್ಟೆಪುರಾಣ

ಪದಗಳ ಪಂಚಾಯ್ತಿ ಬಾಕಿ ಇದೆ. "ಮನೆ" ಬದಲು "ಮುಖಪುಟ" ಹಾಕಿ, ಇಲ್ಲಾ ಅಂಗಡಿ ಹೆಸರನ್ನೇ ಒತ್ತೋ ಹಾಗೆ ಮಾಡಿ. ಹಡಗನ್ನ ಬಂದರಿಗೆ ಕಳಿಸಿ "ಕೊರಿಯರ್ ಉಚಿತ" ಅನ್ನಿ. "ಕಾರ್ಟ್" ಇರಲೋ "ಬುಟ್ಟಿ" ಇರಲೋ?

ಡಲ್ಲಾಸ್‌ನಿಂದ

ಕಾರ್ಟ್. ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ 2020ರಿಂದ ಕನ್ನಡದಲ್ಲಿವೆ. ಅಲ್ಲಿ ಕೊಂಡವರಿಗೆ ಆ ಪದ ರೂಢಿ ಆಗಿದೆ.

ಕಡಲತಡಿ

ಬುಟ್ಟಿಯೇ ಚಂದ. ಉಪ್ಪಿನಕಾಯಿ ಅಂಗಡಿಗೆ ಕಾರ್ಟ್ ಯಾಕೆ?

ಗಮನಿಸುವವಳು

ಇಲ್ಲಿ ಮತ ಹಾಕಿ ತೀರ್ಮಾನ ಮಾಡಬೇಡಿ. ಮುಂದಿನ ಸುತ್ತಲ್ಲಿ ಎರಡು ಜನರಿಗೆ ಒಂದು, ಎರಡು ಜನರಿಗೆ ಇನ್ನೊಂದು ತೋರಿಸಿ. "ಆದೇಶ" ಮಾತ್ರ ಖಂಡಿತ ಬೇಡ, ಅದು ಸರ್ಕಾರದ್ದು. "ಆರ್ಡರ್ ಮಾಡಿ" ಅಂದ್ರೆ ಎಲ್ಲರಿಗೂ ಗೊತ್ತು.

ಮಿಡಿಗಾಯಿ

ಎರಡನೇ ಸುತ್ತು ಮುಗೀತು, ನಾಲ್ಕು ಜನ. ಮೂವರು ಹಣ ಕೊಡೋವರೆಗೆ ಹೋದ್ರು. ಬುಟ್ಟಿ, ಕಾರ್ಟ್ ಎರಡರಲ್ಲೂ ಯಾರೂ ಎಡವಲಿಲ್ಲ, ಹಾಗಾಗಿ ಅತ್ತೆ ಹೇಳಿದ್ದಕ್ಕೆ ಬುಟ್ಟಿ ಉಳೀತು. ನಾಲ್ಕನೆಯವರ ಫೋನ್ ಸಣ್ಣದು, ವಾಟ್ಸಾಪ್‌ನ ಹಸಿರು ಗುಂಡು ಸರಿಯಾಗಿ "ಬುಟ್ಟಿಗೆ ಹಾಕಿ" ಬಟನ್ ಮೇಲೇ ಕೂತಿತ್ತು. ಅವರು ಎಷ್ಟು ಒತ್ತಿದ್ರೂ ವಾಟ್ಸಾಪೇ ತೆರೀತಿತ್ತು, ಕೊನೆಗೆ ಅದರಲ್ಲೇ "ಅರ್ಧ ಕೆಜಿ ಕಳಿಸಿ" ಅಂತ ಬರೆದುಬಿಟ್ರು! ಅಷ್ಟು ದಿನ ಫೋನಲ್ಲಿ ಯಾಕೆ ಆರ್ಡರ್ ಬರ್ತಿತ್ತು ಅಂತ ಈಗ ಸ್ವಲ್ಪ ಅರ್ಥ ಆಯ್ತು. ಗುಂಡನ್ನ ಮೇಲೆ ಸರಿಸಿದ್ದೇವೆ, ತೆಗೆದಿಲ್ಲ. ಫೋನ್ ನಂಬರನ್ನೂ ತೆಗೆಯಲ್ಲ. ನೋಡಿ ಮಾತಾಡಿಯೇ ತಗೊಳ್ಳೋರು ಇರ್ತಾರೆ.

ಖರ್ಚು ಇಲ್ಲಿವರೆಗೆ: ಒಂದೂಕಾಲು ಕೆಜಿ ಉಪ್ಪಿನಕಾಯಿ ಮೊದಲ ಸುತ್ತಿಗೆ, ಒಂದು ಕೆಜಿ ಎರಡನೆಯದಕ್ಕೆ, ಬಸ್ಯಾ ಅವರಿಗೆ ನೂರು ಹಪ್ಪಳ. ಕನ್ನಡ ಪುಟದ ಪದಗಳನ್ನೆಲ್ಲ ನಾನೇ ಕೂತು ಬರೆದೆ. ಏಜೆನ್ಸಿಯವರಿಗೆ ಹೊಸ ಡಿಸೈನ್ ಸದ್ಯಕ್ಕೆ ಬೇಡ ಅಂದೆ.

ನಿವೃತ್ತ ಮೇಷ್ಟ್ರು

ನಾನು ಬರೆಯುತ್ತೇನೆ ಎಂದಿದ್ದೆ, ತಡವಾಯಿತು. ನಿನ್ನೆ ಎಲ್ಲವನ್ನೂ ಸರಿಯಾಗಿ ತುಂಬಿದೆ. ಕನ್ನಡ ಅಂಕಿಯೂ ಹಿಡಿಯಿತು, ಸಂತೋಷವಾಯಿತು. ಹಣ ಕೊಡುವ ಮೊದಲು "ಕೂಪನ್ ಕೋಡ್ ನಮೂದಿಸಿ" ಎಂಬ ಖಾಲಿ ಪೆಟ್ಟಿಗೆ ಬಂತು. ನನ್ನ ಬಳಿ ಕೂಪನ್ ಇಲ್ಲ. ಬೇರೆಯವರಿಗೆಲ್ಲ ರಿಯಾಯಿತಿ ಇದ್ದು ನನಗೆ ಮಾತ್ರ ಇಲ್ಲವೇನೋ ಅನ್ನಿಸಿ, ಗೂಗಲ್‌ನಲ್ಲಿ ನಿಮ್ಮ ಅಂಗಡಿಯ ಕೂಪನ್ ಹುಡುಕಲು ಹೋದೆ. ಸಿಗಲಿಲ್ಲ. ವಾಪಸ್ ಬರುವಷ್ಟರಲ್ಲಿ ಬುಟ್ಟಿ ಖಾಲಿಯಾಗಿತ್ತು.

ಮಿಡಿಗಾಯಿ

ಅಯ್ಯೋ ಮೇಷ್ಟ್ರೇ, ನಾವು ಕೂಪನ್ನೇ ಇಟ್ಟಿಲ್ಲ! ಆ ಪೆಟ್ಟಿಗೆ ಇದೆ ಅಂತಲೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇವತ್ತೇ ತೆಗೆಸ್ತೇನೆ, ಬುಟ್ಟಿ ಖಾಲಿ ಆಗೋದನ್ನೂ ನೋಡ್ತೇನೆ. ಒಂದ್ನಿಮಿಷ, ನಿನ್ನೆ ಸಂಜೆ ತುಮಕೂರಿಂದ ಫೋನ್ ಮಾಡಿ ಒಂದು ಕೆಜಿ ಮಿಡಿ ಹೇಳಿದ್ದು ನೀವೇನಾ?

ನಿವೃತ್ತ ಮೇಷ್ಟ್ರು

ಹೌದು. ರಿಯಾಯಿತಿ ಕೇಳಲು ಸಂಕೋಚವಾಯಿತು.